ಮಾಳಕರಿಯ ಮನೆಯ ಪುಕ್ಕದ ಗಾದಿ

ಐನಾಪುರದ ನಾಮದೇವನಿಗೆ ಬೇರೆ ಯಾವ ಚಟವೂ ಇರಲಿಲ್ಲ, ಉಪಕಾರ ನೆನೆಯುವುದೊಂದೇ. ಬಸ್ಸು ತಪ್ಪಿದರೆ ಹೋದ ಬಸ್ಸಿನ ಬೆನ್ನಿಗೆ ಕೈಮುಗಿದು "ಉಪಕಾರ ಆತ್ರಿ" ಅನ್ನುತ್ತಿದ್ದ. ಬಸ್ಸು ಸಿಕ್ಕಿದ್ದರೆ ಸ್ಟ್ಯಾಂಡಿನ ಹೋಟೆಲಿನ ಬಿಸಿ ಭಜಿ ತಿನ್ನುವ ಯೋಗ ಎಲ್ಲಿತ್ತು ಎಂಬುದು ಅವನ ವಾದ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಕ್ಲಾರ್ಕ ಅವನು. ಟ್ರ್ಯಾಕ್ಟರು ಕಾಟಾ ಹತ್ತಿದರೆ ಡ್ರೈವರನಿಗೆ ಒಂದು ಉಪಕಾರ, ಇಳಿದರೆ ಇನ್ನೊಂದು. ಇವನ ಉಪಕಾರ ಮುಗಿಯುವುದರೊಳಗೆ ಹಿಂದಿನ ಟ್ರ್ಯಾಕ್ಟರಿನವರು ಹಾರ್ನು ಹೊಡೆದು ಹೊಡೆದು ಬೈಯುತ್ತಿದ್ದರು. ಬೈದದ್ದಕ್ಕೂ ಉಪಕಾರ ಹೇಳಿಯೇ ಅವರನ್ನು ಮುಂದೆ ಕಳಿಸುತ್ತಿದ್ದ.

ಅವನ ಕೊರಳಲ್ಲಿ ತುಳಸಿಯ ಮಾಳ. ಪಂಢರಪುರದ ವಿಠ್ಠಲನ ಹೆಸರಿನಲ್ಲಿ ಮಾಳ ಹಾಕಿಕೊಂಡವನು ಮಾಳಕರಿ. ಮಾಳಕರಿಯಾದವನು ಮಾಂಸ ಮುಟ್ಟುವಂತಿಲ್ಲ, ಜೀವಕ್ಕೆ ನೋವು ಕೊಡುವಂತಿಲ್ಲ. ನಾಮದೇವ ಈ ವ್ರತವನ್ನು ಎಷ್ಟು ನಿಷ್ಠೆಯಿಂದ ನಡೆಸುತ್ತಿದ್ದನೆಂದರೆ, ಪಂಢರಪುರಕ್ಕೆ ನಡೆದು ಹೋಗುವ ಊರ ಭಜನಾ ಮೇಳದ, ಅಂದರೆ ದಿಂಡಿಯ, ವೀಣೆಯನ್ನು ಅವನ ಮನೆಯ ಗೂಟಕ್ಕೇ ತೂಗುಹಾಕಿದ್ದರು. ಶ್ರಾವಣದ ಸಪ್ತಾಹದಲ್ಲಿ ವೀಣೆ ಹಿಡಿಯುವ ಮೊದಲ ಪಾಳಿಯೂ ಅವನದೇ.

ಮಗಳು ಸ್ನೇಹಲಳ ಮದುವೆ ಕೂಡಿಬಂದದ್ದೂ ಈ ಮಾಳದಿಂದಲೇ. ಹೆಣ್ಣು ನೋಡಲು ಬಂದ ನಿಪ್ಪಾಣಿಯ ಹುಡುಗ ಸುರಜ, ಬ್ಯಾಂಕಿನಲ್ಲಿ ನೌಕರಿ, ಹಾಡು ಬರುತ್ತದೆಯೇ ಅಡುಗೆ ಬರುತ್ತದೆಯೇ ಒಂದನ್ನೂ ಕೇಳಲಿಲ್ಲ. "ನಿಮ್ಮ ಮನ್ಯಾಗ ಪ್ರಾಣಿಗಳ್ನ ಹೆಂಗ ನೋಡ್ತಾರ?" ಎಂದ. "ನಮ್ಮಪ್ಪ ಮಾಳಕರಿ. ಇರುವಿ ಸಾಲು ಬಂದ್ರೂ ದಾರಿ ಬಿಟ್ಟ ನಿಂದರ್ತಾನ. ನಮ್ಮ ಮನ್ಯಾಗ ಒಂದ ಜೀವಕ್ಕ ತ್ರಾಸ ಆಗೂದಿಲ್ಲ" ಎಂದಳು ಸ್ನೇಹಲ. ಆ ಮಾತಿನ ಮೇಲೇ ಹುಡುಗ ಒಪ್ಪಿದ. ಬಾಗಿಲ ಹಿಂದೆ ನಿಂತು ಕೇಳಿದ ನಾಮದೇವನ ಕಣ್ಣು ತುಂಬಿದವು. ಅಂದು ಅವನು ದಾರಿ ಬಿಟ್ಟ ಇರುವೆಗಳಿಗೆಲ್ಲ ಮನಸ್ಸಿನಲ್ಲೇ ಉಪಕಾರ ಹೇಳಿಕೊಂಡ.

ತೊಡಕು ಸುರುವಾದದ್ದು ಮದುವೆಯ ಪಂಕ್ತಿಯಲ್ಲಿ. ಅಳಿಯನ ಹೋಳಿಗೆಗೆ ತುಪ್ಪ ಹಾಕಲು ಹೋದರೆ "ಬ್ಯಾಡ್ರಿ" ಎಂದು ಕೈ ಅಡ್ಡ ಹಿಡಿದ. ಪಂಕ್ತಿಯ ತುಂಬ ಗುಸುಗುಸು. ನಮ್ಮ ಗಡಿ ಸೀಮೆಯಲ್ಲಿ ಮದುವೆಯ ದಿನ ಅಳಿಯ ಏನಾದರೂ ಬೇಡವೆಂದರೆ ಅದಕ್ಕೆ ಅರ್ಥ ಒಂದೇ: ರುಸವಾ. ಅಂದರೆ ಅಳಿಯ ಮುನಿಸಿಕೊಂಡಿದ್ದಾನೆ, ಇದಕ್ಕಿಂತ ದೊಡ್ಡದು ಏನೋ ಬೇಕಾಗಿದೆ, ಬಾಯಿಬಿಟ್ಟು ಕೇಳಲಾರ, ಮಾವನಾದವನು ತಿಳಿದುಕೊಳ್ಳಬೇಕು. ನಾಮದೇವ ತಿಳಿದುಕೊಂಡ. ಪೇಢೆಯ ಬುಟ್ಟಿ ತರಿಸಿದ. "ಬ್ಯಾಡ್ರಿ." ತಲೆಗೆ ಸುತ್ತಲು ರೇಷ್ಮೆಯ ಪಟಕಾ ತರಿಸಿದ. "ಬ್ಯಾಡ್ರಿ." ಅಥಣಿಗೆ ಆಳು ಓಡಿಸಿ ಜರಿ ಹೆಣೆದ ಚರ್ಮದ ಚಪ್ಪಲಿ ತರಿಸಿದ. ಅಳಿಯ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ ಉಣ್ಣೆಯ ಶಾಲು ಹೊದಿಸಲು ಹೋದಾಗ ಹುಡುಗ ಎದ್ದು ನಿಂತು ಕೈಮುಗಿದುಬಿಟ್ಟ. ಇಷ್ಟು ಗಟ್ಟಿಯಾದ ರುಸವಾ ಇಡೀ ಕಾಗವಾಡ ತಾಲೂಕಿನಲ್ಲಿ ಯಾರೂ ಕಂಡಿರಲಿಲ್ಲ ಎಂದು ಹಿರಿಯರು ಮಾತಾಡಿಕೊಂಡರು.

ಆಮೇಲೆ ಸ್ನೇಹಲ ಫೋನಿನಲ್ಲಿ ಬಿಡಿಸಿ ಹೇಳಿದಳು. "ಅಪ್ಪಾ, ಅವ್ರು ಮುನಿಸ್ಕೊಂಡಿಲ್ಲ. ಪ್ರಾಣಿ ಮೈಯಾಗಿಂದ ತಗದದ್ದು ಏನೂ ಬಳಸಂಗಿಲ್ಲ ಅವ್ರು. ಹಾಲು, ತುಪ್ಪ, ತೊಗಲು, ಉಣ್ಣಿ, ರೇಷ್ಮಿ, ಯಾವದೂ ಇಲ್ಲ. ಇಂಥಾವ್ರಿಗೆ ವೀಗನ್ ಅಂತಾರ."

"ಹೌದವ್ವಾ, ತಿಳೀತು. ಉಪಕಾರ ಆತು," ಎಂದ ನಾಮದೇವ. ಫೋನಿಟ್ಟು ಹೆಂಡತಿ ಗಂಗಾಳ ಕಡೆ ತಿರುಗಿ, "ಪಾಪ, ಗಂಡನ ಮಾನ ಮುಚ್ಚಾಕತ್ತಾಳ ಹುಡುಗಿ" ಎಂದು ನಿಟ್ಟುಸಿರುಬಿಟ್ಟ. ತುಪ್ಪ ತಿನ್ನದ ಮನುಷ್ಯ ಇರಬಹುದೆಂದು ಅವನ ಬುದ್ಧಿಗೆ ಒಗ್ಗಲೇ ಇಲ್ಲ.

ಶ್ರಾವಣ ಬಂತು. ಮದುವೆಯಾದ ಮೇಲಿನ ಮೊದಲ ಪಂಚಮಿ, ಮಗಳು ತವರಿಗೆ ಬರಬೇಕು. ಕರೆತರಲು ಅಣ್ಣತಮ್ಮಂದಿರಿಲ್ಲ, ಆದ್ದರಿಂದ ಅಳಿಯನೇ ತನ್ನ ಮೋಟಾರಸೈಕಲ್ಲಿನ ಮೇಲೆ ಕರೆದುಕೊಂಡು ಬಂದು ಹಬ್ಬ ಮುಗಿಯುವ ತನಕ ಇರುವುದೆಂದಾಯಿತು. ನಾಮದೇವನಿಗೆ ಅನ್ನ ಸೇರಲಿಲ್ಲ. ಅಳಿಯನ ರುಸವಾ ಮುರಿಯಲು ಇದೇ ತಕ್ಕ ಸಮಯ. ತಿನ್ನುವುದು ಬೇಡ ಅಂದಾನ, ಉಡುವುದು ಬೇಡ ಅಂದಾನ, ಮೆಟ್ಟುವುದು ಬೇಡ ಅಂದಾನ. ಮನುಷ್ಯನಿಗೆ ಇನ್ನು ಉಳಿದದ್ದೇನು? ಮಲಗುವುದು!

"ಗಾದಿ," ಎಂದ ನಾಮದೇವ, ಚಾಪೆಯ ಮೇಲೆ ಎದ್ದು ಕುಳಿತು. "ಅಳಿಯಗ ಬೇಕಾಗಿದ್ದು ಗಾದಿ!"

ಮರುದಿನವೇ ಮಿರಜಕ್ಕೆ ಹೋದ. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ "ನಿಮ್ಮಲ್ಲಿ ಎಲ್ಲಾಕಿಂತ ಮೆತ್ತನ್ನದು ಯಾವುದೈತಿ, ಅದನ್ನ ಕೊಡ್ರಿ" ಎಂದ. ಅಂಗಡಿಯವನು ಒಂದು ಗಾದಿ, ಒಂದು ರಜಾಯಿ, ಎರಡು ದಿಂಬು ತೆಗೆದಿಟ್ಟು "ಯುರೋಪದ ಮಾಲು" ಎಂದನಷ್ಟೆ. ನಾಮದೇವ ಕೈ ಊರಿದ. ಕೈ ಮೊಣಕೈವರೆಗೆ ಒಳಗೆ ಹೋಯಿತು. ಯುರೋಪದಲ್ಲಿ ಹತ್ತಿ ಬಲು ನಯವಾಗಿ ಬೆಳೆಯುತ್ತದೆಂದು ತಿಳಿದು, ಆ ದೇಶದ ರೈತರಿಗೂ ಒಂದು ಉಪಕಾರ ಹೇಳಿ, ಎಲ್ಲವನ್ನೂ ಬಸ್ಸಿನಲ್ಲಿ ಹೇರಿಕೊಂಡು ಬಂದ.

ಇಂಥ ಗಾದಿ ಬಂದ ಮನೆಯಲ್ಲಿ ಕೌದಿ ಇರುವುದು ಚೆನ್ನಾಗಿ ಕಾಣುವುದಿಲ್ಲವಲ್ಲ. ಹಳೆಯ ಸೀರೆ ಧೋತರಗಳ ತುಂಡು ಜೋಡಿಸಿ ಕೈಯಿಂದ ಹೊಲಿದ ಹೊದಿಕೆಗಳು ಅವು. ತೆಳ್ಳಗಾಗಿದ್ದವು ನೆಲ ಒರೆಸಲು ಹೋದವು. ದಪ್ಪನೆಯದು ಒಂದಿತ್ತು, ನಾಮದೇವನ ತಾಯಿ ತುಳಸವ್ವ ಸಾಯುವ ಮೊದಲು ಹೊಲಿದದ್ದು. ಅದನ್ನು ಮಡಚಿಕೊಂಡು ಪಕ್ಕದ ಮನೆಯ ಮುದುಕಿ ತಾರವ್ವನಿಗೆ ಕೊಟ್ಟುಬಂದ.

"ಕಾಕು, ಮಳಿ ಹಿಡದೈತಿ. ನಿನ್ನ ಎಮ್ಮಿಗೆ ಹೊಚ್ಚು."

ತಾರವ್ವ ಕೌದಿಯನ್ನೊಮ್ಮೆ, ಇವನನ್ನೊಮ್ಮೆ ನೋಡಿ ಏನೂ ಅನ್ನದೆ ಒಳಗೆ ಹೋದಳು. ತಾರವ್ವ ಏನೂ ಅನ್ನದೆ ಇದ್ದದ್ದು ಆ ಓಣಿಯಲ್ಲಿ ಅದೇ ಮೊದಲು. ನಾಮದೇವ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಗಂಗಾ ಮಾತ್ರ ಎರಡು ದಿನ ಗಂಡನಿಗೆ ಬರೀ ರೊಟ್ಟಿ ಬಡಿಸಿದಳು, ಪಲ್ಲೆ ಇಲ್ಲ.

ಅಳಿಯ ಬರುವ ದಿನ ಊರೆಲ್ಲ ಪಂಚಮಿಯ ಗಡಿಬಿಡಿ. ತಾರವ್ವ ತನ್ನ ಕಟ್ಟೆಯ ಮೇಲೆ ಕುಳಿತು ಹುರಿದು ಅರಳಿಸಿದ ಜೋಳದ ಅಳ್ಳನ್ನು ಮೊರದಲ್ಲಿ ಕೇರುತ್ತಿದ್ದಳು. ಅವಳ ಕೊಟ್ಟಿಗೆಯಲ್ಲಿ ಪಶು ದವಾಖಾನೆಯ ಇನ್ಸ್‌ಪೆಕ್ಟರ್ ಸಂಗ್ರಾಮ ಎಮ್ಮೆಗೆ ಸೂಜಿ ಮಾಡಲು ಹೆಣಗುತ್ತಿದ್ದ. ನಾಮದೇವನ ಪಡಸಾಲೆಯಲ್ಲಿ ಮಂಚದ ಮೇಲೆ ಗಾದಿ ಮೆರೆಯುತ್ತಿತ್ತು. ಎದುರಿಗೆ ಅವರ ಮನೆಯ ಬೆಕ್ಕು ಕುಳಿತಿತ್ತು. ಗಾದಿ ಬಂದಾಗಿನಿಂದ ಅದು ಕೂತ ಜಾಗ ಬಿಟ್ಟು ಎದ್ದಿರಲಿಲ್ಲ.

"ನೋಡು," ಎಂದ ನಾಮದೇವ ಹೆಮ್ಮೆಯಿಂದ. "ಬೆಕ್ಕಿಗೂ ಮಾಲು ಯಾವುದು ಅನ್ನೂದು ತಿಳಿತೈತಿ."

ನಿಜಕ್ಕೂ ತಿಳಿದಿತ್ತು. ಗಂಗಾ ಫ್ಯಾನು ಹಾಕಿ ಒಳಗೆ ಹೋಗುವುದೇ ತಡ, ಬೆಕ್ಕು ದಿಂಬಿನ ಮೇಲೆ ಹಾರಿ ಕುತ್ತಿಗೆ ಹಿಡಿಯುವ ಜಾಗ ನೋಡಿ ಬಾಯಿ ಹಾಕಿತು. ದಿಂಬು ಪರ್ರನೆ ಹರಿಯಿತು. ಯುರೋಪದ ಹತ್ತಿ ಫ್ಯಾನಿನ ಗಾಳಿಗೆ ಎದ್ದು ಪಡಸಾಲೆಯ ತುಂಬ ತೇಲಿತು. ನಾಮದೇವ ಒಂದನ್ನು ಹಿಡಿದು ಕಣ್ಣ ಹತ್ತಿರ ತಂದ. ಹತ್ತಿಗೆ ನಡುವೆ ಸಣ್ಣದೊಂದು ಕಡ್ಡಿ ಇತ್ತು. ಕಡ್ಡಿಯ ಎರಡೂ ಬದಿಗೆ ಕೂದಲು.

"ಗಂಗಾ," ಎಂದ, ಸ್ವರ ಕೆಳಗಿಳಿದು. "ಇದು ಹತ್ತಿ ಅಲ್ಲ. ಇದು ಹಕ್ಕಿ."

ಗಂಗಾ ಹೊರಗೆ ಬಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. "ಮಾಳಕರಿ ಮನ್ಯಾಗ ಪುಕ್ಕ ತಂದ ಇಟ್ಟೀರಲ್ರೀ! ಮಗಳು ಏನ ಹೇಳಿದ್ಲು ಅಳಿಯಗ? ಒಂದ ಜೀವಕ್ಕ ತ್ರಾಸಿಲ್ಲ ಅಂದಿದ್ಲು!"

ಆಗ ನಾಮದೇವನಿಗೆ ಒಮ್ಮೆಲೆ ಎಲ್ಲ ಹೊಳೆಯಿತು. ತುಪ್ಪ, ರೇಷ್ಮೆ, ಚಪ್ಪಲಿ, ಶಾಲು. ಮಗಳು ಫೋನಿನಲ್ಲಿ ಹೇಳಿದ್ದೆಲ್ಲ ಖರೇ ಇತ್ತು. ಅಳಿಯ ಮುನಿಸಿಕೊಂಡಿರಲೇ ಇಲ್ಲ. ಈಗ ಅವನು ಬಂದು ಈ ಪುಕ್ಕ ನೋಡಿದರೆ ಸ್ನೇಹಲ ಸುಳ್ಳಿಯಾಗುತ್ತಾಳೆ. ನಾಮದೇವ ಕಸಬರಿಗೆ ಹಿಡಿದು ಗುಡಿಸಲು ನಿಂತ.

ಪುಕ್ಕ ಗುಡಿಸಿದವರಿಗೆ ಗೊತ್ತು, ಅದು ಗುಡಿಸಿದಷ್ಟೂ ಏಳುತ್ತದೆ. ಕೆಲವು ಅವನ ತಲೆಯ ಮೇಲೆ ಕುಳಿತವು, ಕೆಲವು ಮೀಸೆಯಲ್ಲಿ ಸಿಕ್ಕವು. ಉಳಿದವು ಕಿಟಕಿಯಿಂದ ಹೊರಬಿದ್ದು ತೇಲುತ್ತ ತೇಲುತ್ತ ಹೋಗಿ ತಾರವ್ವನ ಮೊರದಲ್ಲಿದ್ದ ಅಳ್ಳಿನ ಮೇಲೆ ಇಳಿದವು. ಅಳ್ಳೂ ಬಿಳಿ, ಪುಕ್ಕವೂ ಬಿಳಿ. ತಾರವ್ವ ಕೇರಿದಳು, ಅಳ್ಳಿನ ಅರ್ಧ ಹಾರಿಹೋಯಿತು. ತನ್ನ ಅಳ್ಳು ಇಷ್ಟು ಹಗುರಾಗಿ ಎಂದೂ ಅರಳಿರಲಿಲ್ಲವಲ್ಲ ಎಂದು ಒಂದನ್ನು ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡವಳೇ ಥೂ ಎಂದು ಉಗುಳಿ, ಮೊರ ಅಲ್ಲೇ ಬಿಟ್ಟು ನಾಮದೇವನ ಬಾಗಿಲಿಗೆ ಬಂದು ನಿಂತಳು.

ನಾಮದೇವ ಹರಿದ ದಿಂಬನ್ನು ಕಂಕುಳಲ್ಲಿ ಮುಚ್ಚಿಕೊಂಡ. "ಬಾ ಕಾಕು, ಬಂದದ್ದು ಉಪಕಾರ ಆತು."

"ಬಾಯಿ ಮ್ಯಾಲ ಏನೈತದು?" ಎಂದಳು ತಾರವ್ವ.

ಮೀಸೆಯ ತುದಿಯಿಂದ ಬಿಳಿಯದೊಂದು ಪುಕ್ಕ ಅವನ ಉಸಿರಿಗೆ ಅಲ್ಲಾಡುತ್ತಿತ್ತು. ಕೈಯಿಂದ ತೆಗೆಯುವ ಬದಲು ಗಾಬರಿಯಲ್ಲಿ ನಾಲಿಗೆಯಿಂದ ಒಳಗೆ ಎಳೆದುಕೊಂಡುಬಿಟ್ಟ.

"ಅಯ್ಯಯ್ಯೋ!" ತಾರವ್ವನ ಸ್ವರ ಓಣಿಯ ಆ ತುದಿ ಮುಟ್ಟಿತು. "ಮಾಳಕರಿ ಕೋಳಿ ತಿನ್ನಾಕತ್ತಾನ್ರೋ! ಶ್ರಾವಣದಾಗ! ಪುಕ್ಕಾ ಸುದ್ದಾ ಬಿಟ್ಟಿಲ್ರೋ!"

ಸುದ್ದಿ ದಿಂಡಿಯ ಹಿರಿಯರಾದ ತಾತ್ಯಾಸಾಹೇಬರಿಗೆ ಮುಟ್ಟುವ ಹೊತ್ತಿಗೆ ಒಂದು ಕೋಳಿ ಒಂದು ಹಿಂಡಾಗಿತ್ತು. ತಾತ್ಯಾಸಾಹೇಬರು ಹಣೆಗೆ ಬುಕ್ಕಾದ ಕಪ್ಪು ಬೊಟ್ಟು, ತಲೆಗೆ ಬಿಳಿ ಟೊಪ್ಪಿಗೆ, ನಿಯಮದ ಮಾತು ಬಂದರೆ ತಮ್ಮ ಹೆಂಡತಿಯನ್ನೂ ಬಿಡುವವರಲ್ಲ. ಬಂದು ಪಡಸಾಲೆಯ ನಡುವೆ ನಿಂತರು.

"ನಾಮದೇವಾ, ಮಾಳದ ಮ್ಯಾಲ ಕೈ ಇಟ್ಟು ಹೇಳು. ಕೋಳಿ ತಿಂದಿ?"

"ಇಲ್ರೀ ಮಹಾರಾಜ್ರ."

"ಹಂಗಾರ ಈ ಪುಕ್ಕಾ ಯಾರದು?"

"ಅಳಿಯಂದ್ರೀ."

"ಅಳಿಯಂದೂ? ಅಳಿಯಗ ಪುಕ್ಕಾ ಬಂದಾವು?"

"ಅಲ್ರೀ, ಅಳಿಯನ ಸಲುವಾಗಿ ತಂದದ್ದು."

"ಅಂದ್ರ ಅಳಿಯನ ಸಲುವಾಗಿ ಕೋಳಿ ಕೊಯ್ದಿ!"

"ಇಲ್ರೀ, ಇದು ಗಾದ್ಯಾಗಿಂದು."

"ಯಪ್ಪಾ, ಗಾದಿ ಮ್ಯಾಲ ಕೋಳಿ ಕೊಯ್ತಾರೋ?"

ನಾಮದೇವ ಬಾಯಿ ತೆರೆದ, ಇನ್ನೊಂದು ಪುಕ್ಕ ಒಳಗೆ ಹೋಯಿತು, ಕೆಮ್ಮು ಹತ್ತಿತು. ಕೆಮ್ಮು ಪಾಪಿಗೇ ಹತ್ತುವುದು ಎಂದು ಬಾಗಿಲಲ್ಲಿ ನೆರೆದಿದ್ದವರು ತೀರ್ಮಾನಿಸಿದರು. ತಾತ್ಯಾಸಾಹೇಬರು ಗೂಟದಿಂದ ವೀಣೆ ಇಳಿಸಿ, "ಈ ಮನ್ಯಾಗ ಇದು ಇನ್ನ ಇರಂಗಿಲ್ಲ" ಎಂದು ಕೊರಳಿಗೆ ಹಾಕಿಕೊಂಡರು.

"ಉಪಕಾರ ಆತ್ರೀ," ಎಂದ ನಾಮದೇವ ಅಭ್ಯಾಸಬಲದಿಂದ. ಕಣ್ಣಲ್ಲಿ ನೀರಿತ್ತು.

ತಾತ್ಯಾಸಾಹೇಬರು ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಸಂಗ್ರಾಮ ಮೂಗುಬಾಯಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿ, ಎಮ್ಮೆಯನ್ನು ಅರ್ಧಕ್ಕೇ ಬಿಟ್ಟು ಅಡ್ಡ ನಿಂತ. "ಯಾರೂ ಹೊರಗ ಹೋಗಂಗಿಲ್ರೀ! ಹಕ್ಕಿಜ್ವರದ ಸಂಶಯ ಐತಿ."

"ನನಗ ಹರಿಪಾಠದ ಹೊತ್ತಾತು," ಎಂದರು ತಾತ್ಯಾಸಾಹೇಬರು.

"ಯಾವ ಪಾಠ ಇದ್ರೂ ಒಳಗ ಇದ್ದ ಮಾಡ್ರಿ." ಸಂಗ್ರಾಮ ನಾಮದೇವನ ಕಡೆ ತಿರುಗಿದ. "ಎಷ್ಟ ಸತ್ತಾವ್ರಿ?"

"ಯಾವೂ ಇಲ್ರಿ."

"ಇಲ್ಲಂದ್ರ ಎಲ್ಲಿ ಹುಗದೀರಿ?"

ನಾಮದೇವ ಕೈ ಮುಗಿದು, ಗಾದಿ ಬಂದ ಚೀಲ ತಂದು ಮುಂದಿಟ್ಟ. ಸಂಗ್ರಾಮ ಅದರ ಚೀಟಿ ಓದಿದ. ಓದಿದಷ್ಟೂ ಅವನ ಹುಬ್ಬು ಮೇಲೇರಿದವು. "ಬಾತುಕೋಳಿ ಎದಿ ಪುಕ್ಕಾ. ಯುರೋಪದ್ದು. ಅಂದ್ರ ಪರದೇಶದ ಹಕ್ಕಿ! ಐನಾಪುರಕ್ಕ ಹೆಂಗ ಬಂತು? ತಾನಽ ಹಾರಿ ಬಂತೋ?"

"ಮಿರಜದಾಗಿಂದ ಬಸ್ಸಿನ್ಯಾಗ ತಂದೀನ್ರೀ."

"ಬಸ್ಸಿನ್ಯಾಗ! ಕಂಡಕ್ಟರ್ ಏನೂ ಅನ್ಲಿಲ್ಲ?"

"ಲಗೇಜ್ ತಿಕೀಟ ತಗಿಸಿದಾರ್ರೀ. ಛಲೋ ಮನಷ್ಯಾ ಪಾಪ."

ಈಗ ತಾತ್ಯಾಸಾಹೇಬರಿಗೆ ವಿಷಯ ತಿಳಿಯಿತು. ನಾಮದೇವ ಹಕ್ಕಿಯನ್ನು ತಿಂದಿಲ್ಲ, ಅದರ ಮೇಲೆ ಅಳಿಯನನ್ನು ಮಲಗಿಸಲು ಹೊರಟಿದ್ದ. ಇದರಿಂದ ಮಾಳ ಕೆಡುತ್ತದೋ ಇಲ್ಲವೋ ಎಂಬುದು ಅವರಿಗೆ ತಿಳಿಯಲಿಲ್ಲ. ತಿಂದರೆ ಕೆಡುತ್ತದೆ, ಸರಿ. ಒರಗಿದರೆ? ಮೇಲಧಿಕಾರಿಗೆ ಫೋನು ಮಾಡಲು ಸಂಗ್ರಾಮ ನೆಟ್‌ವರ್ಕ್ ಹುಡುಕುತ್ತ ಕಟ್ಟೆ ಏರಿ ನಿಂತ. ಒಳಗೆ ತಾತ್ಯಾಸಾಹೇಬರು ವೀಣೆ ಹೊತ್ತು ನಿಂತೇ ಇದ್ದರು. ಸಪ್ತಾಹದಲ್ಲಿ ಒಮ್ಮೆ ಕೊರಳಿಗೇರಿದ ವೀಣೆ ನೆಲ ಮುಟ್ಟುವಂತಿಲ್ಲ, ಗೂಟಕ್ಕಿಲ್ಲದಿದ್ದರೆ ಇನ್ನೊಬ್ಬ ಮಾಳಕರಿಯ ಕೊರಳಿಗೇ ಹೋಗಬೇಕು. ಈ ನಿಯಮವನ್ನು ವರ್ಷವಿಡೀ ನಡೆಸಬೇಕೆಂದು ಊರಿಗೆಲ್ಲ ಉಪದೇಶ ಮಾಡಿದವರು ಅವರೇ. ಗೂಟಕ್ಕೆ ಪುಕ್ಕ ಅಂಟಿದೆ. ಮನೆಯಲ್ಲಿದ್ದ ಇನ್ನೊಬ್ಬ ಮಾಳಕರಿಯನ್ನು ಈಗಷ್ಟೇ ತೆಗೆದುಹಾಕಿದ್ದಾರೆ. ಕತ್ತು ನೋಯತೊಡಗಿತ್ತು, ಆದರೆ ಹಾಗೆಂದು ಯಾರ ಮುಂದೆ ಹೇಳುವುದು?

ಅದೇ ಗಳಿಗೆಗೆ ಓಣಿಯಲ್ಲಿ ಮೋಟಾರಸೈಕಲ್ ಬಂದು ನಿಂತಿತು.

ಸ್ನೇಹಲ ಇಳಿದು ನೋಡಿದಳು. ತವರುಮನೆಯ ಬಾಗಿಲಿಗೆ ಊರೇ ನೆರೆದಿದೆ. ಕಟ್ಟೆಯ ಮೇಲೆ ಮುಖ ಕಟ್ಟಿಕೊಂಡವನೊಬ್ಬ ಮೊಬೈಲನ್ನು ಆಕಾಶಕ್ಕೆ ಹಿಡಿದಿದ್ದಾನೆ. ಪಡಸಾಲೆಯಲ್ಲಿ ತಾತ್ಯಾಸಾಹೇಬರು ವೀಣೆ ಹಾಕಿಕೊಂಡು ಕಂಬದ ಹಾಗೆ ನಿಂತಿದ್ದಾರೆ. ನಡುವೆ ಅಪ್ಪ, ಮೈತುಂಬ ಪುಕ್ಕ. ಅವಳ ಮುಖದ ನಗೆ ಇಳಿಯಿತು. ಗಂಡನ ಕಡೆ ನೋಡಲಿಲ್ಲ, ಅಪ್ಪನನ್ನೇ ನೋಡಿದಳು.

"ಅಪ್ಪಾ," ಎಂದಳು ಮೆಲ್ಲಗೆ. "ನಾ ಅವ್ರಿಗೆ ಏನಂತ ಹೇಳಿದ್ದೆ?"

ಬೈದಿದ್ದರೆ ಅದಕ್ಕೂ ಒಂದು ಉಪಕಾರ ಹೇಳುತ್ತಿದ್ದ. ಅವಳು ಬೈಯಲಿಲ್ಲ. ನಾಮದೇವ ಅಳಿಯನ ಎದುರು ಬಂದು ನಿಂತು ಇದ್ದದ್ದನ್ನೆಲ್ಲ ಒದರಿಬಿಟ್ಟ. "ಅಳಿಯಾರ, ನನ್ನ ಮಗಳು ಸುಳ್ಳ ಹೇಳಿಲ್ರೀ. ಸುಳ್ಳ ಆದಾಂವ ನಾನು. ನೀವು ರುಸವಾ ಮಾಡೀರಿ ಅನ್ಕೊಂಡೆ. ಆಕಿ ಬಿಡಿಸಿ ಹೇಳಿದ್ರೂ ನಂಬಲಿಲ್ಲ. ನಿಮ್ಮ ಸಿಟ್ಟ ಇಳೀಲಿ ಅಂತ ಮೆತ್ತನ್ನದ್ದು ನೋಡಿ ತಂದೆ, ಒಳಗ ಏನೈತಿ ಅಂತ ಕೇಳಲಿಲ್ಲ. ಪಾಪ ಯಾವ ದೇಶದ ಬಾತೋ. ತಪ್ಪಾತ್ರೀ."

ಸುರಜ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಅವನ ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾನೆಂದು ಗಂಗಾ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಹುಡುಗ ನಗು ತಡೆಯಲಾರದೆ ಕಟ್ಟೆಯ ಮೇಲೆ ಕುಸಿದು ಕುಳಿತ.

"ರುಸವಾ? ಮಾಮಾ, ನಾ ತುಪ್ಪಾ ಬ್ಯಾಡ ಅಂದೆ, ನೀವು ಪೇಢೆ ತಂದ್ರಿ. ಪೇಢೆ ಬ್ಯಾಡ ಅಂದ್ರ ಪಟಕಾ ತಂದ್ರಿ. ಪಟಕಾ ಬ್ಯಾಡ ಅಂದ್ರ ಚಪ್ಪಲಿ. ಇನ್ನೊಮ್ಮೆ ಬ್ಯಾಡ ಅಂದ್ರ ಆನೀನ ತಂದ ನಿಂದರಸ್ತಾರೋ ಏನೋ ಅಂತ ಅಂಜಿ ಕೈಮುಗದೆ ನಾನು." ನಗು ನಿಂತ ಮೇಲೆ ಮಾವನ ಕೂದಲಿನಿಂದ ಒಂದು ಪುಕ್ಕ ತೆಗೆದ. "ನನ್ನ ಸಲುವಾಗಿ ಇಷ್ಟ ತ್ರಾಸ ಯಾರೂ ತಗೊಂಡಿದ್ದಿಲ್ರೀ ಮಾಮಾ. ಸ್ನೇಹಲ ಸುಳ್ಳ ಹೇಳಿಲ್ಲ. ಆದ್ರ ಇದರ ಮ್ಯಾಲ ಮಾತ್ರ ನಾ ಮಲಗಂಗಿಲ್ಲ."

"ಹಂಗಾರ ಎಲ್ಲಿ ಮಲಗಸೂದು?" ಎಂದಳು ಗಂಗಾ. ಎಲ್ಲರೂ ಮನೆಯೊಳಗೆ ನೋಡಿದರು. ಒಂದು ಚಾಪೆ, ಎರಡು ಚಾದರ. ಕೌದಿ ಒಂದೂ ಇಲ್ಲ. "ಇದ್ದೊಂದು ಛಲೋ ಕೌದಿ ಎಮ್ಮಿಗೆ ಕೊಟ್ಟ ಬಂದಾರ್ರೀ ನಿಮ್ಮ ಮಾಮಾ!" ಎಂದಳು.

ಗುಂಪಿನಲ್ಲಿದ್ದ ತಾರವ್ವ ಹಿಂದೆ ಸರಿದಳು. ತನ್ನ ಮನೆಗೆ ಹೋದಳು. ಒಳಗೆ ಟ್ರಂಕು ತೆರೆದ ಸದ್ದಾಯಿತು. ತಿರುಗಿ ಬಂದಾಗ ಅವಳ ಎರಡೂ ಕೈ ಮೇಲೆ ತುಳಸವ್ವನ ಕೌದಿ ಇತ್ತು. ಒಗೆದು ಒಣಗಿಸಿ ನೀಟಾಗಿ ಮಡಚಿಟ್ಟದ್ದು, ನಡುವೆ ಬೇವಿನ ಎಲೆ.

"ನಾಮ್ಯಾ, ಇದನ್ನ ಎಮ್ಮಿಗೆ ಹೊಚ್ಚಾಕ ನನಗೇನ ಹುಚ್ಚ ಹಿಡದಿತ್ತೇನೋ? ನಿಮ್ಮವ್ವ ಆ ತುದಿ, ನಾ ಈ ತುದಿ ಕುಂತ ಹೊಲದದ್ದಿದು. ಈ ಹಸರ ತುಂಡ ನನ್ನ ಸೀರಿದು. ಇದು ನಿನ್ನ ಸಾಲಿ ಅಂಗಿ. ಇಲ್ಲಿ ನೋಡು, ಕಡೀ ಮೂಲಿ. ಕೌದಿ ಉಪವಾಸ ಇರಬಾರದು ಅಂತ ನಿಮ್ಮವ್ವ ಒಂದ ತುಂಡ ಹೋಳಿಗಿ ಇಟ್ಟ ಹೊಲಿಗಿ ಮುಗಿಸಿದ್ಲು. ಹೊಟ್ಟಿ ತುಂಬಿದ ಕೌದಿ ಇದು. ಹೊಚಗೊಂಡಾವ್ರ ಹೊಟ್ಟೀನೂ ತುಂಬಿರಲಿ ಅಂತ."

ಸುರಜ ಕೌದಿಯನ್ನು ಮುಟ್ಟಿ ನೋಡಿದ. ಮುಟ್ಟಿದವನು ಸಂಕೋಚದಿಂದ ಕೇಳಿದ, "ಆಯಿ, ತಪ್ಪ ತಿಳೀಬ್ಯಾಡ್ರಿ. ಇದರಾಗ ರೇಷ್ಮಿ ಏನರ ಐತೇನ್ರಿ?"

"ರೇಷ್ಮಿ ಉಡೂವಂಗ ಇದ್ದಿದ್ರ ಕೌದಿ ಯಾಕ ಹೊಲೀತಿದ್ವಿ?"

"ಉಣ್ಣಿ?"

"ಹಳೇ ಅರಬಿ ಬಿಟ್ರ ಏನಿಲ್ಲ."

ಸುರಜ ಮೂಲೆಯ ಉಬ್ಬನ್ನು ಬೆರಳಿಂದ ಸವರಿದ. "ಮತ್ತ ಹೋಳಿಗ್ಯಾಗ ತುಪ್ಪಾ?"

"ತುಪ್ಪಾ ಎಲ್ಲಿತ್ತಪ್ಪಾ ಆವಾಗ? ಎಣ್ಣ್ಯಾಗ ಬೇಸಿದ್ದು. ಅದೂ ಎಣ್ಣಿ ನಮ್ಮ ಮನೀದು."

"ಹಂಗಾರ ನಿಮ್ಮ ತುಳಸವ್ವನೂ ನನ್ನಂಗಽ ಇದ್ಲು ಅನ್ರಿ," ಎಂದು ಸುರಜ ಕೌದಿಯನ್ನು ಎದೆಗೆ ಅವುಚಿಕೊಂಡ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಅವನು ಬ್ಯಾಡ್ರಿ ಎನ್ನದೆ ತೆಗೆದುಕೊಂಡ ಮೊದಲನೆಯ ವಸ್ತು ಅದು. ಸ್ನೇಹಲ ಅಪ್ಪನ ಬೆನ್ನಿನ ಮೇಲಿನ ಪುಕ್ಕಗಳನ್ನು ಒಂದೊಂದಾಗಿ ತೆಗೆಯತೊಡಗಿದಳು, ನಗುತ್ತ, ಕಣ್ಣೊರೆಸಿಕೊಳ್ಳುತ್ತ.

ನಾಮದೇವ ತಾರವ್ವನ ಮುಂದೆ ನಿಂತ. ಬಸ್ಸಿಗೆ, ಟ್ರ್ಯಾಕ್ಟರಿಗೆ, ಯುರೋಪದ ರೈತರಿಗೆ ಉಪಕಾರ ಹೇಳಿದ ಬಾಯಿ ಈಗ ತೆರೆಯಲೇ ಇಲ್ಲ. "ಏನೋ, ಮತ್ತ ಪುಕ್ಕಾ ಸಿಕ್ಕೈತೇನ ಗಂಟಲದಾಗ?" ಎಂದಳು ತಾರವ್ವ. ಅವನು ಬಗ್ಗಿ ಅವಳ ಕಾಲು ಮುಟ್ಟಿದ. ತಾರವ್ವ ಅವನ ತಲೆಯ ಮೇಲೆ ಕೈಯಿಟ್ಟು, "ನಾನೂ ಸುಮ್ಮನ ಬಾಯಿ ಮಾಡಿದೆ, ಬಿಡು" ಎಂದಳು. ಅವಳು ತಪ್ಪು ಒಪ್ಪಿಕೊಂಡದ್ದೂ ಓಣಿಯಲ್ಲಿ ಅದೇ ಮೊದಲು.

"ಎಲ್ಲಾ ಖರೇ," ಎಂದು ಒಳಗಿನಿಂದ ಒಂದು ಕ್ಷೀಣ ಸ್ವರ ಬಂತು. "ಮಾಳ ಕೆಟ್ಟಿಲ್ಲ. ಲಗೂನ ಬಾ." ತಾತ್ಯಾಸಾಹೇಬರ ಕತ್ತು ಒಂದು ಬದಿಗೆ ವಾಲಿತ್ತು. ಒರಗಿದರೆ ಮಾಳ ಕೆಡುತ್ತದೋ ಎಂಬ ಪ್ರಶ್ನೆಗೆ ಕತ್ತುನೋವೇ ಉತ್ತರ ಕೊಟ್ಟಿತ್ತು. ನಾಮದೇವ ಕೈಕಾಲು ಮುಖ ತೊಳೆದು ಬಂದು ಕೊರಳೊಡ್ಡಿದ, ವೀಣೆ ತನ್ನ ಮನೆಗೇ ತಿರುಗಿ ಬಂತು. "ಉಪಕಾರ ಆತು," ಎಂದರು ತಾತ್ಯಾಸಾಹೇಬರು ಕತ್ತು ತಿಕ್ಕಿಕೊಳ್ಳುತ್ತ.

ಗಾದಿ, ರಜಾಯಿ, ದಿಂಬುಗಳನ್ನು ಸಂಗ್ರಾಮ ಚೀಲಕ್ಕೆ ತುಂಬಿ ತಪಾಸಣೆಗೆಂದು ಒಯ್ದ. ಹಬ್ಬ ಮುಗಿಯುವ ಹೊತ್ತಿಗೆ ಅವನೇ ಬಂದು ವರದಿ ಹೇಳಿದ: ಹಕ್ಕಿಗೆ ಯಾವ ರೋಗವೂ ಇರಲಿಲ್ಲ, ಸತ್ತಿದ್ದೊಂದನ್ನು ಬಿಟ್ಟರೆ.

ಅಳಿಯ ಮಗಳು ಹೊರಡುವ ದಿನ ಓಣಿಯವರೆಲ್ಲ ಕಳಿಸಿಕೊಡಲು ಬಂದಿದ್ದರು. ಗಂಗಾ ಎಣ್ಣೆಯಲ್ಲಿ ಮಾಡಿದ ಹೋಳಿಗೆ, ಬೆಲ್ಲ ಹಾಕಿದ ಅಳ್ಳಿನ ಉಂಡಿ ಕಟ್ಟಿಕೊಟ್ಟಳು. ಸುರಜ ಎಲ್ಲವನ್ನೂ ತೆಗೆದುಕೊಂಡ. ಮೋಟಾರಸೈಕಲ್ ಹತ್ತುವ ಮೊದಲು ತಿರುಗಿ ನಿಂತ.

"ಮಾಮಾ, ಇಷ್ಟ ದಿವಸ ನೀವು ಕೊಟ್ಟದ್ದೆಲ್ಲಾ ಬ್ಯಾಡ ಅಂದೀನಿ. ಈಗ ನಾನಽ ಬಾಯಿಬಿಟ್ಟ ಒಂದ ಕೇಳ್ತೀನಿ. ಆ ಕೌದಿ ಕೊಡ್ತೀರಿ?"

ಓಣಿಗೆ ಓಣಿಯೇ ನಾಮದೇವನನ್ನು ನೋಡಿತು. ಅಳಿಯ ಬಾಯಿಬಿಟ್ಟು ಕೇಳಿದ್ದನ್ನು ಮಾವ ಕೊಡದೆ ಇರುವುದುಂಟೇ? ನಾಮದೇವ ಒಳಗೆ ಹೋದ. ಕೌದಿ ಹಿಡಿದು ಹೊರಗೆ ಬಂದ. ಬಂದವನು ಗೋಡೆಗೆ ಆತು ಕುಳಿತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಆಚೆ ಮುಖ ಮಾಡಿದ.

"ಕೊಡಂಗಿಲ್ರೀ."

"ರೀ!" ಎಂದಳು ಗಂಗಾ.

"ನೋಡ್ರೇ," ಎಂದಳು ತಾರವ್ವ ಕೈತಟ್ಟಿ, "ಈಗ ಮಾವ ರುಸವಾ ಮಾಡ್ಯಾನ!"

ಸುರಜನಿಗೆ ಈಗ ಪದ್ಧತಿ ತಿಳಿದಿತ್ತು. ಚೀಲದಿಂದ ಒಂದು ಉಂಡಿ ತೆಗೆದು ಮುಂದೆ ಹಿಡಿದ. ನಾಮದೇವ ತಲೆ ಅಲ್ಲಾಡಿಸಿದ. ಹೋಳಿಗೆ ಹಿಡಿದ. ಅದೂ ಬೇಡ. ಕೊನೆಗೆ ಅಳಿಯ ಮಾವನ ಎದುರು ನೆಲದ ಮೇಲೇ ಕುಳಿತ. "ಮತ್ತೇನ ಕೊಡಲಿ ಮಾಮಾ? ನೀವಽ ಹೇಳ್ರಿ."

ನಾಮದೇವ ಕೌದಿಯ ಕಡೆಯ ಮೂಲೆಯನ್ನು ಹೆಬ್ಬೆರಳಿಂದ ಸವರುತ್ತ ಇದ್ದ. "ಇದನ್ನ ಕೊಟ್ರ ನಿಪ್ಪಾಣ್ಯಾಗಽ ಹೊಚಗೊಂಡ ಮಲಗ್ತೀರಿ. ಮುಂದಿನ ಪಂಚಮಿಗೆ ಇಲ್ಲಿ ಯಾಕ ಬರ್ತೀರಿ? ಕೌದಿ ಇಲ್ಲೇ ಇರತೈತ್ರಿ, ಅಳಿಯಾರ. ನೀವು ಬರ್ರಿ."

ಸುರಜ ಎದ್ದು ಎರಡೂ ಕೈ ಜೋಡಿಸಿ, ಥೇಟ್ ಕಾಟಾದ ಕ್ಲಾರ್ಕನ ಹಾಗೆ ತಲೆ ಬಗ್ಗಿಸಿ, "ಬರ್ತೀನ್ರಿ. ಉಪಕಾರ ಆತ್ರೀ ಮಾಮಾ" ಎಂದ.

ಜನ್ಮವಿಡೀ ಊರಿಗೆಲ್ಲ ಉಪಕಾರ ಹಂಚಿದ ನಾಮದೇವನಿಗೆ ಅದು ತಿರುಗಿ ತನ್ನ ಬಳಿಗೇ ಬಂದರೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಗಡಬಡಿಸಿ ಎದ್ದು ನಿಂತ. "ಬ್ಯಾಡ್ರಿ, ಬ್ಯಾಡ್ರಿ," ಎಂದು ಎರಡೂ ಕೈ ಅಡ್ಡ ಹಿಡಿದ.

ಓಣಿ ಬಿದ್ದು ಬಿದ್ದು ನಕ್ಕಿತು. ಗೋಡೆಯಾಚೆ ತಾರವ್ವನ ಎಮ್ಮೆ ಒಮ್ಮೆ ಒದರಿತು. ಈ ಗದ್ದಲದಲ್ಲಿ ಅದರ ಹೊದಿಕೆಯ ಮಾತು ಎತ್ತಿದವರು ಯಾರೂ ಇರಲಿಲ್ಲ.